ಮನೆಯ ಕುಡಿತ ಮತ್ತು ಮಕ್ಕಳ ವೈದ್ಯರು

ತಂದೆ, ತಾಯಿ ಅಥವಾ ಜೊತೆಯಲ್ಲಿರುವ ಇನ್ನಾರಾದರೂ ಮಿತಿಮೀರಿ ಕುಡಿಯುವ ಮನೆಯಲ್ಲಿ ಬೆಳೆಯುತ್ತಿರುವ ಮಗುವನ್ನು ಗುರುತಿಸುವುದು, ಆ ಮಗುವಿಗೆ ಆಸರೆಯಾಗುವುದು, ಕುಡಿಯುವವರಿಗೂ ಅವರೊಡನೆ ಬಾಳುತ್ತಿರುವವರಿಗೂ ತಕ್ಕ ಚಿಕಿತ್ಸೆಯ ದಾರಿ ತೋರಿಸುವುದು ಮಕ್ಕಳ ವೈದ್ಯರ ಕೆಲಸದ ಒಂದು ಭಾಗ. ಈ ತಿಳಿವಳಿಕೆ ಲಿಖಿತ ರೂಪ ಪಡೆದದ್ದು ಮುಖ್ಯವಾಗಿ ಅಮೆರಿಕದಲ್ಲಿ, ಕಳೆದ ಶತಮಾನದ ಕೊನೆಯ ವರ್ಷಗಳಲ್ಲಿ. ಭಾರತದಲ್ಲಿ ಮದ್ಯವ್ಯಸನದ ಚಿಕಿತ್ಸೆ ಬೆಳೆದಿದೆ, ಶಿಶುವೈದ್ಯಶಾಸ್ತ್ರವೂ ಬೆಳೆದಿದೆ. ಇವೆರಡರ ನಡುವಿನ ಸೇತುವೆ ಮಾತ್ರ ಇನ್ನೂ ಸರಿಯಾಗಿ ಕಟ್ಟಿಲ್ಲ.

ಮಕ್ಕಳ ವೈದ್ಯರೇ ಏಕೆ ಎಂಬ ಪ್ರಶ್ನೆಗೆ ಉತ್ತರ ಸರಳ. ಕುಡಿತಕ್ಕೆ ಬಿದ್ದ ಬಹುಪಾಲು ಮಂದಿ ತಮಗಾಗಿ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ. ಯಕೃತ್ತು ಕೆಟ್ಟು ಕಣ್ಣು ಹಳದಿಯಾದ ಮೇಲೋ, ಬೈಕಿನಿಂದ ಬಿದ್ದ ಮೇಲೋ ಬರುತ್ತಾರೆ; ಅಷ್ಟರಲ್ಲಿ ವರ್ಷಗಳು ಕಳೆದಿರುತ್ತವೆ. ಆದರೆ ಅವರ ಮಗು ಹುಟ್ಟಿದ ದಿನದಿಂದಲೇ ವೈದ್ಯರ ಕಣ್ಣೆದುರು ಇರುತ್ತದೆ. ಲಸಿಕೆ, ತೂಕ, ಜ್ವರ, ಭೇದಿ ಎಂದು ಮೊದಲ ಎರಡು ವರ್ಷಗಳಲ್ಲಿ ಆರೋಗ್ಯವಂತ ಮಗುವೂ ಹಲವು ಸಲ ಬಂದುಹೋಗುತ್ತದೆ. ಹರೆಯದ ಎಷ್ಟೋ ತಂದೆತಾಯಿಗಳು ನಿಯಮಿತವಾಗಿ ಕಾಣುವ ವೈದ್ಯರೆಂದರೆ ಮಗುವಿನ ವೈದ್ಯರೊಬ್ಬರೇ. ತಮ್ಮ ದೇಹದ ವಿಷಯದಲ್ಲಿ ಯಾರ ಮಾತನ್ನೂ ಕೇಳದವರು ಮಗುವಿನ ವಿಷಯ ಬಂದಾಗ ಕಿವಿಗೊಡುವುದೂ ಉಂಟು.

ಹಿನ್ನೆಲೆ

ಕುಡಿತದಿಂದ ಮಗುವಿಗೆ ಆಗುವ ಹಾನಿಯನ್ನು ವೈದ್ಯಲೋಕ ಮೊದಲು ಗಂಭೀರವಾಗಿ ನೋಡಿದ್ದು ಗರ್ಭದ ಹಂತದಲ್ಲಿ. 1968ರಲ್ಲಿ ಫ್ರಾನ್ಸಿನ ನಾಂಟ್ ನಗರದ ಶಿಶುವೈದ್ಯ ಪೌಲ್ ಲೆಮ್ವಾನ್ ಮತ್ತು ಸಂಗಡಿಗರು ಕುಡಿತದ ಚಟವಿದ್ದ ತಂದೆತಾಯಿಗಳ 127 ಮಕ್ಕಳನ್ನು ಪರೀಕ್ಷಿಸಿ, ಅವರಲ್ಲಿ ಕಂಡ ಒಂದೇ ಬಗೆಯ ಲಕ್ಷಣಗಳನ್ನು ವಿವರಿಸಿದರು. ಫ್ರೆಂಚ್ ಭಾಷೆಯ ಆ ಬರಹವನ್ನು ಹೊರಗಿನವರು ಹೆಚ್ಚು ಗಮನಿಸಲಿಲ್ಲ. 1973ರಲ್ಲಿ ಸಿಯಾಟಲ್‌ನ ಕೆನೆತ್ ಜೋನ್ಸ್ ಮತ್ತು ಡೇವಿಡ್ ಸ್ಮಿತ್ ಇದೇ ಚಿತ್ರವನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಮಂಡಿಸಿ, ಫೀಟಲ್ ಆಲ್ಕೊಹಾಲ್ ಸಿಂಡ್ರೋಮ್ ಎಂದು ಹೆಸರಿಟ್ಟರು. ಮೂಗಿಗೂ ತುಟಿಗೂ ನಡುವಿನ ತೋಡು ಮಾಸಿ ಸಪಾಟಾಗಿರುವುದು, ತೆಳ್ಳಗಿನ ಮೇಲ್ದುಟಿ, ಕಿರಿದಾದ ಕಣ್ಣಿನ ಸೀಳು, ಕುಂಠಿತ ಬೆಳವಣಿಗೆ, ಕಲಿಕೆಯ ತೊಂದರೆ ಇದರ ಗುರುತುಗಳು. ಗರ್ಭಾವಸ್ಥೆಯಲ್ಲಿ ಇಷ್ಟು ಕುಡಿದರೆ ಅಪಾಯವಿಲ್ಲ ಎನ್ನಬಹುದಾದ ಪ್ರಮಾಣವೇ ಇಲ್ಲವೆಂಬುದು ಇಂದಿನ ಶಿಶುವೈದ್ಯರ ಖಚಿತ ನಿಲುವು.

ಹುಟ್ಟಿದ ಮೇಲೆ ಆಗುವ ಹಾನಿ ಗಮನಕ್ಕೆ ಬರಲು ಇನ್ನಷ್ಟು ಕಾಲ ಹಿಡಿಯಿತು. ಕೆನಡಾದ ಸಮಾಜಕಾರ್ಯಕರ್ತೆ ಮಾರ್ಗರೆಟ್ ಕಾರ್ಕ್ ಇಂಥ ಮನೆಗಳ ನೂರಕ್ಕೂ ಹೆಚ್ಚು ಮಕ್ಕಳೊಡನೆ ಮಾತಾಡಿ 1969ರಲ್ಲಿ ಪುಸ್ತಕ ಪ್ರಕಟಿಸಿದರು. ಅದರ ಶೀರ್ಷಿಕೆಯೇ ಅವರನ್ನು ಮರೆತುಹೋದ ಮಕ್ಕಳು ಎಂದು ಕರೆಯಿತು. ಆ ಮಕ್ಕಳನ್ನು ಕಾಡಿದ್ದು ಕುಡಿತಕ್ಕಿಂತ ಹೆಚ್ಚಾಗಿ ಮನೆಯ ಜಗಳ ಮತ್ತು ತಮ್ಮನ್ನು ಯಾರೂ ಗಮನಿಸುತ್ತಿಲ್ಲವೆಂಬ ನೋವು ಎಂಬುದು ಅವರ ಮುಖ್ಯ ಕಾಣ್ಕೆ. 1983ರಲ್ಲಿ ಅಮೆರಿಕದಲ್ಲಿ ಮದ್ಯವ್ಯಸನಿಗಳ ಮಕ್ಕಳಿಗಾಗಿಯೇ ರಾಷ್ಟ್ರೀಯ ಸಂಘವೊಂದು ಹುಟ್ಟಿತು. ಅದರ ಮುಂದಾಳತ್ವದಲ್ಲಿ, ಜಾನ್ಸ್ ಹಾಪ್‌ಕಿನ್ಸ್‌ನ ಶಿಶುವೈದ್ಯ ಹೂವರ್ ಆಡ್ಜರ್ ಮತ್ತಿತರರು ಸೇರಿ, ಮಕ್ಕಳನ್ನು ನೋಡುವ ಪ್ರತಿಯೊಬ್ಬ ವೈದ್ಯರಿಗೂ ಈ ವಿಷಯದಲ್ಲಿ ಕನಿಷ್ಠ ಏನು ಗೊತ್ತಿರಬೇಕು ಎಂಬುದನ್ನು ಮೂರು ಹಂತಗಳಾಗಿ ನಿರೂಪಿಸಿ 1999ರಲ್ಲಿ ಪೀಡಿಯಾಟ್ರಿಕ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಎಲ್ಲ ವೈದ್ಯರೂ ಗುರುತಿಸಬೇಕು, ದಾರಿ ತೋರಿಸಬೇಕು. ಕೆಲವರು ಮುಂದುವರಿದು ಆರೈಕೆಯ ಹೊಣೆ ಹೊರಬೇಕು. ವಿಶೇಷ ತರಬೇತಿ ಪಡೆದವರು ದೀರ್ಘ ಚಿಕಿತ್ಸೆ ಕೊಡಬೇಕು ಎಂಬುದು ಅದರ ಸಾರ. ಈ ಬರಹಕ್ಕೆ ಮಹತ್ವ ಬಂದದ್ದು ಮೊದಲನೆಯ ಹಂತದಿಂದ. ನನಗೆ ಇದು ಸಂಬಂಧಿಸಿದ್ದಲ್ಲ ಎಂದು ಹೇಳುವ ಅವಕಾಶವನ್ನು ಅದು ಯಾವ ಮಕ್ಕಳ ವೈದ್ಯರಿಗೂ ಉಳಿಸಲಿಲ್ಲ.

ಅದಕ್ಕೆ ಒಂದು ವರ್ಷ ಮೊದಲು, 1998ರಲ್ಲಿ, ವಿನ್ಸೆಂಟ್ ಫೆಲಿಟ್ಟಿ ಮತ್ತು ರಾಬರ್ಟ್ ಆಂಡಾ ನೇತೃತ್ವದಲ್ಲಿ ಸ್ಯಾನ್ ಡಿಯಾಗೋದಲ್ಲಿ ನಡೆದ ಬಾಲ್ಯದ ಕಹಿ ಅನುಭವಗಳ ಅಧ್ಯಯನದ ಮೊದಲ ವರದಿ ಹೊರಬಂದಿತ್ತು. ಬಾಲ್ಯದಲ್ಲಿ ಮನೆಯಲ್ಲಿ ಕುಡುಕರೋ ಮಾದಕವ್ಯಸನಿಗಳೋ ಇದ್ದರೆಂದು ಅದರಲ್ಲಿ ಸುಮಾರು ನಾಲ್ಕರಲ್ಲೊಬ್ಬರು ಹೇಳಿದರು. ಇಂಥ ಅನುಭವಗಳು ಹೆಚ್ಚಿದಷ್ಟೂ ದೊಡ್ಡವರಾದ ಮೇಲೆ ಹೃದಯರೋಗ, ಖಿನ್ನತೆ, ಆತ್ಮಹತ್ಯೆಯ ಯತ್ನ, ಸ್ವಂತ ಕುಡಿತ ಎಲ್ಲವೂ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿದ್ದುದು ಕಂಡುಬಂತು. ಮನೆಯ ಕುಡಿತವನ್ನು ಮನೆಯ ಮರ್ಯಾದೆಯ ಪ್ರಶ್ನೆಯೆಂದು ದೂರವಿಟ್ಟಿದ್ದ ವೈದ್ಯರು ಅದನ್ನು ಆರೋಗ್ಯದ ಪ್ರಶ್ನೆಯಾಗಿ ನೋಡಲು ಈ ಅಧ್ಯಯನ ಬಹುವಾಗಿ ಕಾರಣವಾಯಿತು. ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2016ರಲ್ಲಿ ತಂದೆತಾಯಿಗಳ ವ್ಯಸನದಿಂದ ಬಾಧಿತವಾದ ಕುಟುಂಬಗಳ ಬಗ್ಗೆ ವಿವರವಾದ ಮಾರ್ಗದರ್ಶಿ ವರದಿಯನ್ನು ಹೊರಡಿಸಿತು.

ವ್ಯಾಪ್ತಿ

ಅಮೆರಿಕದ ಸರ್ಕಾರಿ ಸಮೀಕ್ಷೆಗಳ ಪ್ರಕಾರ 2009ರಿಂದ 2014ರ ಅವಧಿಯಲ್ಲಿ ಸುಮಾರು 75 ಲಕ್ಷ ಮಕ್ಕಳು, ಅಂದರೆ ಹತ್ತರಲ್ಲಿ ಒಂದು ಮಗು, ಮದ್ಯವ್ಯಸನವಿರುವ ತಂದೆಯ ಅಥವಾ ತಾಯಿಯ ಜೊತೆ ಬಾಳುತ್ತಿದ್ದರು. ಭಾರತದಲ್ಲಿ ಮಕ್ಕಳನ್ನೇ ಎಣಿಸುವ ಬದಲು ಕುಡಿಯುವವರನ್ನು ಎಣಿಸಲಾಗಿದೆ. ದೆಹಲಿಯ ಏಮ್ಸ್ ಕೇಂದ್ರ ಸರ್ಕಾರಕ್ಕಾಗಿ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯಂತೆ 10ರಿಂದ 75 ವರ್ಷದವರಲ್ಲಿ ಶೇ 14.6 ಮಂದಿ, ಸುಮಾರು 16 ಕೋಟಿ ಜನ, ಮದ್ಯ ಸೇವಿಸುತ್ತಾರೆ, ಅವರಲ್ಲಿ 5.7 ಕೋಟಿ ಜನರಿಗೆ ಕುಡಿತದ ಸಮಸ್ಯೆಗಾಗಿ ನೆರವು ಬೇಕಾಗಿದೆ. ಇವರಲ್ಲಿ ಬಹುಪಾಲು ಗಂಡಸರು. ಎಷ್ಟು ಮನೆಗಳಲ್ಲಿ ಮಕ್ಕಳು ಇದನ್ನು ದಿನವೂ ನೋಡುತ್ತಿದ್ದಾರೆಂದು ಊಹಿಸಲು ಇಷ್ಟು ಸಾಕು.

ಮಗುವಿನಲ್ಲಿ ಕಾಣುವುದು

ನನ್ನ ಅಪ್ಪ ಕುಡಿಯುತ್ತಾನೆ ಎಂದು ಯಾವ ಮಗುವೂ ವೈದ್ಯರೆದುರು ದೂರು ಹೇಳುವುದಿಲ್ಲ. ಮಗು ಹೇಳುವುದು ಹೊಟ್ಟೆನೋವು, ತಲೆನೋವು. ರಕ್ತ, ಮಲ, ಸ್ಕ್ಯಾನಿಂಗ್ ಎಲ್ಲ ಸರಿಯಿದ್ದರೂ ನೋವು ನಿಲ್ಲುವುದಿಲ್ಲ. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟು ವರ್ಷಗಳಾಗಿದ್ದ ಮಗು ಮತ್ತೆ ಶುರುಮಾಡುತ್ತದೆ. ರಾತ್ರಿ ಬಾಗಿಲ ಸದ್ದಿಗೆ ಕಿವಿಗೊಟ್ಟು ಮಲಗುವ ಮಗು ಬೆಳಗ್ಗೆ ತರಗತಿಯಲ್ಲಿ ತೂಕಡಿಸುತ್ತದೆ. ಶಾಲೆಗೆ ಹೋದರೆ ಅಮ್ಮನಿಗೆ ಏನಾಗುವುದೋ ಎಂಬ ಭಯದಿಂದ ಶಾಲೆಯೇ ಬೇಡವೆನ್ನುತ್ತದೆ. ಲಸಿಕೆಯ ದಿನ ತಪ್ಪುವುದು, ಪದೇ ಪದೇ ಗಾಯ, ಹೇಳಿದ ಕಾರಣಕ್ಕೆ ಹೊಂದದ ಗಾಯ, ಔಷಧಿಯ ಚೀಟಿ ಬರೆದುಕೊಟ್ಟರೂ ಕೊಳ್ಳದಿರುವುದು ಇವೂ ಸುಳಿವುಗಳೇ. ಇವುಗಳಲ್ಲಿ ಯಾವುದೂ ಕುಡಿತಕ್ಕೆ ಮಾತ್ರ ಸೇರಿದ ಲಕ್ಷಣವಲ್ಲ ಎಂಬುದನ್ನು ಮರೆಯಬಾರದು. ಕಾರಣ ಸಿಗದ ತೊಂದರೆಯ ಮುಂದೆ ನಿಂತ ವೈದ್ಯರು ಕೇಳಬೇಕಾದ ಪ್ರಶ್ನೆಗಳಲ್ಲಿ ಇದೂ ಒಂದಾಗಿರಬೇಕು, ಅಷ್ಟೆ.

ತಪ್ಪಿಹೋಗುವುದು ಇನ್ನೊಂದು ಬಗೆಯ ಮಗು. ತಮ್ಮ ತಂಗಿಯರಿಗೆ ಉಣಿಸಿ, ಅಮ್ಮನನ್ನು ಸಮಾಧಾನಪಡಿಸಿ, ಪರೀಕ್ಷೆಯಲ್ಲೂ ಮೊದಲಿಗಳಾಗುವ ಹತ್ತು ವರ್ಷದ ಹುಡುಗಿಯನ್ನು ಎಲ್ಲರೂ ಜಾಣೆ ಎಂದು ಹೊಗಳುತ್ತಾರೆ. ಅವಳ ಬಾಲ್ಯವನ್ನು ಆ ಮನೆ ತಿಂದುಹಾಕುತ್ತಿದೆ ಎಂಬುದು ಯಾರಿಗೂ ತೋಚುವುದಿಲ್ಲ. ತೊಂದರೆ ಕೊಡುವ ಮಗುವಿನಷ್ಟೇ ಗಮನ ಈ ತೊಂದರೆ ಕೊಡದ ಮಗುವಿಗೂ ಸಲ್ಲಬೇಕು.

ವಂಶವಾಹಿಯ ಪಾಲೂ ಇದೆ. ಮದ್ಯವ್ಯಸನಕ್ಕೆ ಒಳಗಾಗುವ ಸಾಧ್ಯತೆಯಲ್ಲಿ ಸರಿಸುಮಾರು ಅರ್ಧ ಪಾಲು ಅನುವಂಶೀಯವೆಂದು ಅವಳಿಗಳ ಅಧ್ಯಯನಗಳು ಸೂಚಿಸುತ್ತವೆ. ಡೊನಾಲ್ಡ್ ಗುಡ್‌ವಿನ್ ಮತ್ತು ಸಂಗಡಿಗರು 1973ರಲ್ಲಿ ಡೆನ್ಮಾರ್ಕಿನ ದತ್ತುಮಕ್ಕಳ ಅಧ್ಯಯನ ಪ್ರಕಟಿಸಿದರು. ಕುಡುಕ ತಂದೆತಾಯಿಗೆ ಹುಟ್ಟಿ ಬೇರೆ ಮನೆಯಲ್ಲಿ ಬೆಳೆದ ಗಂಡುಮಕ್ಕಳಲ್ಲೂ ಮದ್ಯವ್ಯಸನ ಉಳಿದ ದತ್ತುಮಕ್ಕಳಿಗಿಂತ ಮೂರು ನಾಲ್ಕು ಪಟ್ಟು ಹೆಚ್ಚಿತ್ತು. ಹಾಗೆಂದು ಇದು ಹಣೆಬರಹವೂ ಅಲ್ಲ. ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ ಮಕ್ಕಳನ್ನು ದಶಕಗಳ ಕಾಲ ಹಿಂಬಾಲಿಸಿದ ಎಮ್ಮಿ ವರ್ನರ್, ಕುಡಿತದ ಮನೆಗಳಿಂದ ಬಂದವರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿ ಹದಿನೆಂಟರ ಹೊತ್ತಿಗೆ ದೊಡ್ಡ ತೊಡಕಿಲ್ಲದೆ ಬೆಳೆದಿದ್ದನ್ನು ಕಂಡರು. ಅಜ್ಜಿ, ಮೇಷ್ಟ್ರು, ನೆರೆಯವರು ಹೀಗೆ ಯಾರಾದರೂ ಒಬ್ಬರು ದೊಡ್ಡವರು ಬಿಡದೆ ಜೊತೆಗಿದ್ದದ್ದು ಇಂಥ ಮಕ್ಕಳನ್ನು ಕಾಪಾಡಿದ ಬಲಗಳಲ್ಲಿ ಒಂದು. ವೈದ್ಯರು ಆ ಒಬ್ಬರಾಗಬಹುದು, ಇಲ್ಲವೇ ಆ ಒಬ್ಬರು ಯಾರೆಂದು ಮಗುವನ್ನು ಕೇಳಿ ತಿಳಿಯಬಹುದು.

ಕೇಳುವ ಬಗೆ

ಇಡೀ ಕೆಲಸದ ತಿರುಳು ಇರುವುದು ಇಲ್ಲಿ. ಬಟ್ಟೆಬರೆ, ಜಾತಿ, ಕಸುಬು ನೋಡಿ ಕೆಲವರನ್ನು ಮಾತ್ರ ಕೇಳಿದರೆ ಅದು ಅವಮಾನವಾಗುತ್ತದೆ. ದೊಡ್ಡ ಮನೆಗಳಲ್ಲಿ ಫ್ರಿಜ್ಜಿನ ಪಕ್ಕದ ಕಪಾಟಿನಲ್ಲಿ ಅಡಗಿದ ಕುಡಿತ ತಪ್ಪಿಸಿಕೊಳ್ಳುತ್ತದೆ. ಆದ್ದರಿಂದ ಎಲ್ಲರನ್ನೂ ಕೇಳಬೇಕು, ಎಲ್ಲರನ್ನೂ ಕೇಳುತ್ತೇನೆಂದು ಮೊದಲೇ ಹೇಳಿ ಕೇಳಬೇಕು. ಮನೆಯಲ್ಲಿ ಯಾರು ಸಿಗರೇಟು ಸೇದುತ್ತಾರೆ, ಮಗು ಯಾರ ಜೊತೆ ಮಲಗುತ್ತದೆ, ಹಗಲು ಯಾರು ನೋಡಿಕೊಳ್ಳುತ್ತಾರೆ ಎಂಬ ದಿನನಿತ್ಯದ ಪ್ರಶ್ನೆಗಳ ನಡುವೆಯೇ, ಮನೆಯಲ್ಲಿ ಯಾರದಾದರೂ ಕುಡಿತದಿಂದ ನಿಮಗೆ ಯೋಚನೆಯಾಗಿದೆಯೇ ಎಂದು ಕೇಳಿದರೆ ಅದು ಆರೋಪವೆನಿಸುವುದಿಲ್ಲ. ಎಷ್ಟು ಕುಡಿಯುತ್ತಾರೆ ಎಂದು ಶುರುಮಾಡಿದರೆ ಸುಳ್ಳು ಉತ್ತರ ಬರುತ್ತದೆ. ಯೋಚನೆಯಾಗಿದೆಯೇ ಎಂದು ಕೇಳಿದರೆ ಎಷ್ಟೋ ತಾಯಂದಿರ ಕಣ್ಣಲ್ಲೇ ಉತ್ತರವಿರುತ್ತದೆ.

ಇದಕ್ಕಾಗಿ ಸಿದ್ಧ ಪ್ರಶ್ನಾವಳಿಗಳಿವೆ. ಜಾನ್ ಯೂಯಿಂಗ್ ನಾರ್ತ್ ಕೆರೊಲಿನಾದಲ್ಲಿ ರೂಪಿಸಿದ ಕೇಜ್ ಎಂಬ ನಾಲ್ಕು ಪ್ರಶ್ನೆಗಳು ಪ್ರಸಿದ್ಧ. ಕಡಿಮೆ ಮಾಡಬೇಕೆಂದು ಅನಿಸಿದೆಯೇ, ಯಾರಾದರೂ ಆಡಿಕೊಂಡರೆ ಸಿಟ್ಟು ಬಂದಿದೆಯೇ, ತಪ್ಪು ಮಾಡುತ್ತಿದ್ದೇನೆ ಎನಿಸಿದೆಯೇ, ಬೆಳಗ್ಗೆ ಎದ್ದು ಕೈ ನಡುಕ ನಿಲ್ಲಿಸಲು ಕುಡಿಯಬೇಕಾಗಿದೆಯೇ ಎಂಬುದು ಅವುಗಳ ತಾತ್ಪರ್ಯ. ಇವನ್ನೇ ಮನೆಯವರೆಲ್ಲರ ಬಗ್ಗೆ ಕೇಳುವಂತೆ ಬದಲಿಸಿದ ರೂಪವೂ ಬಳಕೆಯಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ ಪರೀಕ್ಷೆಯಲ್ಲಿ ಹತ್ತು ಪ್ರಶ್ನೆಗಳಿವೆ; ಅವಸರವಿದ್ದಾಗ ಮೊದಲ ಮೂರೇ ಸಾಕೆನ್ನುವ ಕಿರುರೂಪವೂ ಉಂಟು. ಮಕ್ಕಳನ್ನೇ ಕೇಳುವ 30 ಪ್ರಶ್ನೆಗಳ ಪಟ್ಟಿಯನ್ನು 1980ರ ದಶಕದಲ್ಲಿ ಜಾನ್ ಜೋನ್ಸ್ ಸಿದ್ಧಪಡಿಸಿದರು. ಬಳಿಕ ಅದರಿಂದ ಆರು ಪ್ರಶ್ನೆಗಳ ಸಂಗ್ರಹರೂಪ ಬಂತು. ಬಾಲ್ಟಿಮೋರ್‌ನಲ್ಲಿ ಹೋವರ್ಡ್ ಡುಬೊವಿಟ್ಜ್ ರೂಪಿಸಿದ ಸೀಕ್ ಪದ್ಧತಿಯಲ್ಲಿ ಕುಡಿತವನ್ನು ಒಂಟಿಯಾಗಿ ಕೇಳದೆ ತಾಯಿಯ ಖಿನ್ನತೆ, ಗಂಡನ ಹೊಡೆತ, ಊಟಕ್ಕಿಲ್ಲದಿರುವುದು ಇವುಗಳ ಜೊತೆ ಸೇರಿಸಿ ಒಂದೇ ಹಾಳೆಯಲ್ಲಿ ಕೇಳುತ್ತಾರೆ. 2009ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಈ ಪದ್ಧತಿ ಬಳಸಿದ ವೈದ್ಯರು ನೋಡುತ್ತಿದ್ದ ಮನೆಗಳ ಬಗ್ಗೆ ಮಕ್ಕಳ ರಕ್ಷಣಾ ಇಲಾಖೆಗೆ ಹೋದ ದೂರುಗಳು ಕಡಿಮೆಯಾಗಿದ್ದವು. ಈ ಪದ್ಧತಿಯೇ ಹೆಚ್ಚು ವಿವೇಕದ್ದೆಂದು ತೋರುತ್ತದೆ, ಏಕೆಂದರೆ ಮನೆಯಲ್ಲಿ ಈ ಕಷ್ಟಗಳು ಬಿಡಿಬಿಡಿಯಾಗಿ ಬರುವುದಿಲ್ಲ.

ಕೇಳಿದರೆ ತಂದೆತಾಯಿಗಳು ಸಿಟ್ಟಾಗಿ ಬೇರೆ ವೈದ್ಯರ ಬಳಿ ಹೋಗುತ್ತಾರೆಂಬ ಅಂಜಿಕೆಗೆ ಆಧಾರ ಕಡಿಮೆ. ಸೆಲೆಸ್ಟ್ ವಿಲ್ಸನ್, ಜಾನ್ ನೈಟ್ ಮತ್ತಿತರರು ಮಕ್ಕಳ ಕ್ಲಿನಿಕ್ಕುಗಳಿಗೆ ಬಂದ ಸುಮಾರು 900 ಮಂದಿ ತಂದೆತಾಯಿಗಳನ್ನು ಪರೀಕ್ಷಿಸಿ 2008ರಲ್ಲಿ ವರದಿ ಮಾಡಿದರು. ಸುಮಾರು ಒಂಬತ್ತರಲ್ಲೊಬ್ಬರಿಗೆ ಕುಡಿತದ ಸಮಸ್ಯೆಯ ಸೂಚನೆಯಿತ್ತು. ಕುಡಿಯುವವರೂ ಕುಡಿಯದವರೂ ಬಹುಮಟ್ಟಿಗೆ ಈ ವಿಚಾರಣೆಯನ್ನು ಒಪ್ಪಿಕೊಂಡರು, ಮುಂದಿನ ಮಾತನ್ನೂ ಮಗುವಿನ ವೈದ್ಯರೇ ಆಡಲೆಂದು ಬಯಸಿದರು. ಕೇಳಲು ಹಿಂಜರಿಯುವುದು ವೈದ್ಯರೇ; ತರಬೇತಿಯಿಲ್ಲ, ಸಮಯವಿಲ್ಲ, ಹೌದೆಂದರೆ ಮುಂದೇನು ಮಾಡಬೇಕೆಂದು ಗೊತ್ತಿಲ್ಲ ಎಂಬುದು ಅವರ ಕಷ್ಟ.

ಸ್ವಲ್ಪ ದೊಡ್ಡ ಮಕ್ಕಳೊಡನೆ ಒಂಟಿಯಾಗಿ ಮಾತಾಡಬೇಕು. ಹೇಳಿದ್ದನ್ನು ಯಾರಿಗೂ ಹೇಳುವುದಿಲ್ಲವೆಂದು ಭಾಷೆ ಕೊಡಬಾರದು. ನಿನ್ನ ಜೀವಕ್ಕೆ ಅಪಾಯವಿದ್ದರೆ ಮಾತ್ರ ಹೇಳಲೇಬೇಕಾಗುತ್ತದೆ, ಉಳಿದದ್ದು ನಮ್ಮಿಬ್ಬರಲ್ಲೇ ಇರುತ್ತದೆ ಎಂದು ಮುಂಚೆಯೇ ತಿಳಿಸಬೇಕು. ಬರೆದಿಡುವಾಗಲೂ ಎಚ್ಚರ ಬೇಕು. ಅಪ್ಪನ ಕುಡಿತದ ಬಗ್ಗೆ ಅಮ್ಮ ಹೇಳಿದ್ದನ್ನು ಮಗುವಿನ ಫೈಲಿನಲ್ಲಿ ಬರೆದರೆ ನಾಳೆ ಅದನ್ನು ಅಪ್ಪನೇ ಓದಬಹುದು, ವಿಚ್ಛೇದನದ ಮೊಕದ್ದಮೆಯಲ್ಲಿ ವಕೀಲರೂ ಓದಬಹುದು.

ಕೇಳಿದ ಮೇಲೆ

ಮಕ್ಕಳ ವೈದ್ಯರು ತಂದೆಯ ವ್ಯಸನಕ್ಕೆ ತಾವೇ ಚಿಕಿತ್ಸೆ ಕೊಡಬೇಕಾಗಿಲ್ಲ. ಆದರೆ ಸುಮ್ಮನೆ ಕೈತೊಳೆದುಕೊಳ್ಳುವಂತಿಲ್ಲ. ಮೊದಲು ಮಗುವಿಗೆ ಕೆಲವು ಮಾತು ಸ್ಪಷ್ಟವಾಗಿ ಹೇಳಬೇಕು. ಇದು ಕಾಯಿಲೆ, ಇದಕ್ಕೆ ನೀನು ಕಾರಣವಲ್ಲ, ಇದನ್ನು ನಿಲ್ಲಿಸುವ ಹೊಣೆ ನಿನ್ನದಲ್ಲ, ನಿನ್ನಂಥ ಮಕ್ಕಳು ಬಹಳ ಇದ್ದಾರೆ, ನೀನು ನಂಬುವ ದೊಡ್ಡವರೊಬ್ಬರ ಹತ್ತಿರ ಇದನ್ನು ಹೇಳಿಕೊಂಡರೆ ತಪ್ಪಿಲ್ಲ. ಕಡಿಮೆ ಅಂಕ ತೆಗೆದದ್ದಕ್ಕೇ ಅಪ್ಪ ಕುಡಿಯುತ್ತಾನೆಂದು ನಂಬಿಕೊಂಡ ಮಗುವಿಗೆ ಈ ಮಾತುಗಳಿಗಿಂತ ದೊಡ್ಡ ಔಷಧಿ ಇಲ್ಲ.

ಕುಡಿಯುವವರೇ ಎದುರಿಗಿದ್ದರೆ ನಿಂದಿಸದೆ, ಮಗುವಿನ ಕಾಯಿಲೆಗೂ ಮನೆಯ ಕುಡಿತಕ್ಕೂ ಇರುವ ನಂಟನ್ನು ತಾಳ್ಮೆಯಿಂದ ತೋರಿಸಿಕೊಡಬೇಕು. ಆಸ್ತಮಾ ಇರುವ ಮಗುವಿಗೆ ರಾತ್ರಿ ಉಸಿರು ಕಟ್ಟಿದಾಗ ಬಂಡಿ ಓಡಿಸಬಲ್ಲ, ಎಚ್ಚರವಿರುವ ಒಬ್ಬರು ಮನೆಯಲ್ಲಿರುತ್ತಾರೆಯೇ ಎಂಬ ಪ್ರಶ್ನೆ ಉಪದೇಶಕ್ಕಿಂತ ಚೆನ್ನಾಗಿ ನಾಟುತ್ತದೆ. ದಿನವೂ ಹೆಚ್ಚು ಕುಡಿಯುವವರು ಇಂದಿನಿಂದಲೇ ಬಿಟ್ಟೆನೆಂದು ವೈದ್ಯರ ನೆರವಿಲ್ಲದೆ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ಫಿಟ್ಸ್, ಭ್ರಮೆ ಬಂದು ಪ್ರಾಣಕ್ಕೇ ಕುತ್ತಾಗಬಹುದು. ಈ ಎಚ್ಚರಿಕೆಯನ್ನು ಮಕ್ಕಳ ವೈದ್ಯರೂ ಕೊಡಬೇಕು. ಹಾಗೆಯೇ ಗಂಡನಿಗೆ ಗೊತ್ತಾಗದಂತೆ ಸಾರಿನಲ್ಲಿ ಬೆರೆಸಲು ಮಾತ್ರೆ ಕೊಡಿ ಎಂದು ಕೇಳುವ ಹೆಂಡತಿಯರಿರುತ್ತಾರೆ. ಅಂಥ ಮಾತ್ರೆ ಡೈಸಲ್ಫಿರಾಮ್. ಅದನ್ನು ತಿಂದದ್ದು ತಿಳಿಯದೆ ಕುಡಿದರೆ ರಕ್ತದೊತ್ತಡ ಕುಸಿದು ಜೀವವೇ ಹೋಗಬಹುದು. ಕುಡಿಯುವವರ ಒಪ್ಪಿಗೆಯಿಲ್ಲದೆ ಕೊಡಲೇಬಾರದು.

ಹಾಲುಣಿಸುವ ತಾಯಿ ಕುಡಿಯುತ್ತಿದ್ದರೆ ಮದ್ಯ ಹಾಲಿಗೂ ಇಳಿಯುತ್ತದೆ. ಬಿಡುವುದೇ ಒಳ್ಳೆಯದು, ಕುಡಿದರೆ ಒಂದು ಪ್ರಮಾಣಕ್ಕೆ ಕನಿಷ್ಠ 2 ಗಂಟೆಯಾದರೂ ಕಾದು ಹಾಲು ಕೊಡಬೇಕೆಂಬುದು ಸಾಮಾನ್ಯ ಸಲಹೆ. ಕುಡಿದವರು ಎಳೆಗೂಸನ್ನು ಪಕ್ಕದಲ್ಲಿ ಮಲಗಿಸಿಕೊಳ್ಳಬಾರದು, ಮಗು ಉಸಿರುಕಟ್ಟಿ ಸಾಯುವ ಅಪಾಯವಿದೆ. ಅಮೆರಿಕದಲ್ಲಿ ಕುಡಿದು ಓಡಿಸಿದ ವಾಹನಗಳ ಅಪಘಾತದಲ್ಲಿ ಸತ್ತ ಮಕ್ಕಳಲ್ಲಿ ಹೆಚ್ಚಿನವರು ಆ ಕುಡಿದ ಚಾಲಕರ ಬಂಡಿಯಲ್ಲೇ ಇದ್ದವರೆಂದು ಅಧ್ಯಯನಗಳು ತೋರಿಸಿವೆ. ಆದ್ದರಿಂದ ಮಗುವನ್ನು ಕರೆದೊಯ್ಯಲು ಬಂದವರೇ ಅಮಲಿನಲ್ಲಿದ್ದರೆ ಮಗುವನ್ನು ಅವರ ಕೈಗೆ ಕೊಡದೆ, ಮನೆಯ ಇನ್ನೊಬ್ಬರನ್ನು ಕರೆಸುವುದು ವೈದ್ಯರ ಕರ್ತವ್ಯ. ಹೊಡೆತವೋ ತೀವ್ರ ನಿರ್ಲಕ್ಷ್ಯವೋ ಕಂಡರೆ ಅಮೆರಿಕದ ಕಾನೂನಿನಂತೆ ವೈದ್ಯರು ವರದಿ ಮಾಡಲೇಬೇಕು.

ಕುಡಿಯುವವರು ಚಿಕಿತ್ಸೆಗೆ ಒಪ್ಪಲಿ ಬಿಡಲಿ, ಉಳಿದವರಿಗೆ ನೆರವು ನಿಲ್ಲಬಾರದು. ಮದ್ಯವ್ಯಸನಿಗಳ ಮನೆಯವರಿಗಾಗಿ 1951ರಲ್ಲಿ ರೂಪುಗೊಂಡ ಅಲ್-ಅನಾನ್ ಮತ್ತು ಹದಿಹರೆಯದವರಿಗಾಗಿ 1957ರಲ್ಲಿ ಆರಂಭವಾದ ಅಲಾಟೀನ್ ಗುಂಪುಗಳಿಗೆ ಅಮೆರಿಕದ ವೈದ್ಯರು ಕಳಿಸುವುದು ಇದೇ ಕಾರಣಕ್ಕೆ.

ಭಾರತ ಮತ್ತು ಕರ್ನಾಟಕ

ಚೆನ್ನೈಯಲ್ಲಿ ಶಾಂತಿ ರಂಗನಾಥನ್ 1980ರಲ್ಲಿ ಕಟ್ಟಿದ ಟಿ.ಟಿ. ರಂಗನಾಥನ್ ಸಂಸ್ಥೆ ವ್ಯಸನಿಯ ಜೊತೆ ಮನೆಯವರಿಗೂ ಚಿಕಿತ್ಸೆ ಬೇಕೆಂಬುದನ್ನು ಆಚರಿಸಿ ತೋರಿಸಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಿವೇಕ್ ಬೆನೆಗಲ್ ಮತ್ತು ಸಂಗಡಿಗರು, ವಂಶದಲ್ಲಿ ತೀವ್ರ ಮದ್ಯವ್ಯಸನವಿದ್ದು ತಾವು ಇನ್ನೂ ವ್ಯಸನಕ್ಕೆ ಬೀಳದ ಹುಡುಗರ ಮಿದುಳನ್ನು ಅಧ್ಯಯನ ಮಾಡಿ, ಪಿ300 ಎಂಬ ವಿದ್ಯುತ್ ಅಲೆ ಅವರಲ್ಲಿ ತಗ್ಗಿರುವುದನ್ನು 1990ರ ದಶಕದಲ್ಲೇ ತೋರಿಸಿದರು. ಅಪಾಯ ಯಾರಿಗೆ ಹೆಚ್ಚು ಎಂಬುದು ನಮ್ಮ ನೆಲದಲ್ಲೇ ನಡೆದ ಸಂಶೋಧನೆಯಿಂದ ಗೊತ್ತಾದ ಮೇಲೂ ಆ ತಿಳಿವು ಮಕ್ಕಳ ಓಪಿಡಿಗೆ ಇಳಿಯಲಿಲ್ಲ.

ಕರ್ನಾಟಕ 2007ರಲ್ಲಿ ಸಾರಾಯಿಯನ್ನು ನಿಷೇಧಿಸಿತು. ಪ್ಯಾಕೆಟ್ಟು ಹೋಯಿತು, ಕುಡಿತ ಬಾಟಲಿಗೆ ಬದಲಾಯಿತು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ಹಳ್ಳಿಗಳಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳು, ಬಿಟ್ಟವರನ್ನು ಕೂಡಿಸುವ ನವಜೀವನ ಸಮಿತಿಗಳು ರಾಜ್ಯದಲ್ಲಿ ಮನೆಮಾತು. ಹೆಂಡತಿಯನ್ನೂ ಮನೆಯವರನ್ನೂ ಕರೆದು ಕೂರಿಸುವುದು ಈ ಶಿಬಿರಗಳ ಶಕ್ತಿ. ಆ ಮನೆಯ ಮಕ್ಕಳನ್ನು ನೋಡಿಕೊಳ್ಳುವ ವೈದ್ಯರಿಗೆ ಶಿಬಿರದ ಸುದ್ದಿ ತಿಳಿಯುವ ವ್ಯವಸ್ಥೆಯಾದರೆ ಅದರ ಫಲ ಇನ್ನೂ ಹೆಚ್ಚೀತು.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಲ್ಲಿ ಮಕ್ಕಳನ್ನು ಪರೀಕ್ಷಿಸುತ್ತವೆ. ಹುಟ್ಟುದೋಷ, ಕೊರತೆ, ಕಾಯಿಲೆ, ಕುಂಠಿತ ಬೆಳವಣಿಗೆ ಎಂಬ ನಾಲ್ಕನ್ನು ಅವು ಹುಡುಕುತ್ತವೆ. ಮನೆಯ ಕುಡಿತದ ಪ್ರಶ್ನೆ ಅದರಲ್ಲಿಲ್ಲ. ತಾಯಿ ಕಾರ್ಡು ಹಿಡಿದು ಮನೆ ಮನೆಗೆ ಹೋಗುವ ಆಶಾ ಕಾರ್ಯಕರ್ತೆಗೆ ಯಾವ ಮನೆಯಲ್ಲಿ ಏನು ನಡೆಯುತ್ತದೆಂದು ಚೆನ್ನಾಗಿ ಗೊತ್ತು, ಆದರೆ ಅದನ್ನು ಯಾರಿಗೆ ಹೇಳಬೇಕೆಂದು ಯಾರೂ ಅವಳಿಗೆ ತಿಳಿಸಿಲ್ಲ. ಶೀತವಾದ ಎಳೆಗೂಸಿಗೆ ಎರಡು ಹನಿ ಬ್ರಾಂದಿ ನೆಕ್ಕಿಸುವ ರೂಢಿ ಕೆಲವೆಡೆ ಇಂದಿಗೂ ಇದೆ. ಅದನ್ನು ಬಿಡಿಸುವುದೂ ಮಕ್ಕಳ ವೈದ್ಯರ ಕೆಲಸವೇ. ಬಾಲನ್ಯಾಯ ಕಾಯ್ದೆ 2015ರ 77ನೆಯ ಕಲಮಿನಂತೆ, ವೈದ್ಯರ ಸೂಚನೆಯಿಲ್ಲದೆ ಮಗುವಿಗೆ ಮದ್ಯ ಕೊಟ್ಟವರಿಗೆ 7 ವರ್ಷದವರೆಗೆ ಕಠಿಣ ಸಜೆಯಿದೆ. ರಕ್ಷಣೆ ಬೇಕಾದ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬಹುದಾದವರ ಪಟ್ಟಿಯಲ್ಲಿ ಅದೇ ಕಾಯ್ದೆ ವೈದ್ಯರನ್ನೂ ನರ್ಸುಗಳನ್ನೂ ಹೆಸರಿಸಿದೆ.

ನಮ್ಮ ಓಪಿಡಿಗಳಲ್ಲಿ ಒಂದು ಮಗುವಿಗೆ ಸಿಗುವುದು ಕೆಲವೇ ನಿಮಿಷ, ಪಕ್ಕದಲ್ಲೇ ಇನ್ನೊಂದು ಮನೆಯವರು ನಿಂತಿರುತ್ತಾರೆ ಎಂಬುದು ನಿಜ. ಹಾಗಿದ್ದರೂ ಒಂದು ಪ್ರಶ್ನೆಗೆ, ಗೋಡೆಯ ಮೇಲೊಂದು ಫಲಕಕ್ಕೆ, ಹತ್ತಿರದ ವ್ಯಸನಮುಕ್ತಿ ಕೇಂದ್ರದ ಹೆಸರಿರುವ ಒಂದು ಚೀಟಿಗೆ ಸಮಯವೂ ಹಣವೂ ಹೆಚ್ಚು ಬೇಕಿಲ್ಲ. ವೈದ್ಯಕೀಯ ಕಾಲೇಜುಗಳ ಶಿಶುವೈದ್ಯ ವಿಭಾಗಗಳು ಇದನ್ನು ಪಾಠವಾಗಿ ಕಲಿಸಬೇಕು.

ಇಂಥ ಮನೆಯ ಮಗುವೊಂದನ್ನು ಬಲ್ಲ ಓದುಗರು ಅದನ್ನು ಮುಂದಿನ ಸಲ ಜ್ವರಕ್ಕೋ ಲಸಿಕೆಗೋ ಕರೆದೊಯ್ದಾಗ ವೈದ್ಯರಿಗೆ ಮನೆಯ ಸ್ಥಿತಿಯನ್ನು ಮುಚ್ಚಿಡದೆ ತಿಳಿಸಬೇಕು. ಮಗು ಅಪಾಯದಲ್ಲಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ, ಕುಡಿತ ಬಿಡಲು ನೆರವಿಗೆ 14446ಕ್ಕೆ, ಮನಸ್ಸಿನ ತೊಂದರೆಗೆ ಟೆಲಿ ಮನಸ್ 14416ಕ್ಕೆ ಕರೆ ಮಾಡಬಹುದು.